ಇಪ್ಪತ್ತಾರು ಡಿಗ್ರಿಯ ಚಳಿ

ಮೈನಸ್ಸಣ್ಣನಿಗೆ ಚಳಿಯಾಗುವುದಿಲ್ಲ ಎಂಬುದು ಆ ಬೀದಿಯಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಷ್ಟೇ ಖಚಿತವಾದ ವಿಷಯವಾಗಿತ್ತು. ಸೂರ್ಯನನ್ನಾದರೂ ಬೇಗ ಎದ್ದು ಪರೀಕ್ಷಿಸಿ ನೋಡಿದವರು ಒಬ್ಬಿಬ್ಬರಿದ್ದರು. ಮೈನಸ್ಸಣ್ಣನನ್ನು ಎಲ್ಲರೂ ಹಾಗೇ ನಂಬಿದ್ದರು.

ನಂಬದೆ ಏನು ಮಾಡುತ್ತಾರೆ? ಅವನ ಕೆಲಸ ಕೋಲ್ಡ್ ಸ್ಟೋರೇಜಿನಲ್ಲಿ. ಅಲ್ಲಿನ ದೊಡ್ಡ ಕೋಣೆಯಲ್ಲಿ ವರ್ಷವಿಡೀ ಮೈನಸ್ ಹದಿನೆಂಟು ಡಿಗ್ರಿ. ಊರೆಲ್ಲ ಕಂಬಳಿಯೊಳಗೆ ಮುದುಡಿಕೊಂಡಿರುವ ಚಳಿಗಾಲದ ಬೆಳಗಿನಲ್ಲಿ ಅವನು ಒಂದು ತೆಳು ಅಂಗಿ ತೊಟ್ಟು, ಅದರ ತೋಳು ಮಡಿಸಿಕೊಂಡು, ಬೀದಿಯ ನಟ್ಟನಡುವೆ ಕೈಬೀಸಿ ನಡೆಯುತ್ತಿದ್ದ. ಹೆಸರೂ ಹಾಗೇ ಅಂಟಿಕೊಂಡಿತು. ಅವನ ನಿಜವಾದ ಹೆಸರು ಈಗ ಕರೆಂಟು ಬಿಲ್ಲಿಗೆ ಮಾತ್ರ ಗೊತ್ತು.

ಬೀದಿಗೆ ಗೊತ್ತಿಲ್ಲದ ಸಂಗತಿ ಎರಡಿದ್ದವು. ಒಂದು, ಮೈನಸ್ಸಣ್ಣ ಆ ಕೋಣೆಯ ಒಳಗೆ ಹೋಗುತ್ತಲೇ ಇರಲಿಲ್ಲ. ಬಾಗಿಲಿನ ಈಚೆ ಸ್ಟೂಲಿನ ಮೇಲೆ ಕೂತು, ಹಮಾಲರು ಹೊತ್ತು ತಂದ ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದ ಗೀಟು ಎಳೆಯುವುದು ಅವನ ಉದ್ಯೋಗ. ಎರಡು, ಆ ತೆಳು ಅಂಗಿಯ ಕೆಳಗೆ ಒಂದು ಉಣ್ಣೆ ಬನಿಯನ್ನಿತ್ತು, ಅದರ ಕೆಳಗೆ ಇನ್ನೊಂದು ಉಣ್ಣೆ ಬನಿಯನ್ನಿತ್ತು. ಅವನ್ನು ಒಗೆದು ಬೀರುವಿನ ಹಿಂದೆ ಕದ್ದು ಒಣಹಾಕುತ್ತಿದ್ದ ಹೆಂಡತಿಗೆ ಮಾತ್ರ ಇದು ಗೊತ್ತಿತ್ತು. ಅವಳು ಇಷ್ಟು ವರ್ಷ ತುಟಿ ಬಿಚ್ಚಿರಲಿಲ್ಲ. ಸಮಯ ಬರಲಿ ಎಂದು ಕಾದಿದ್ದಳೋ ಏನೋ.

ಸಮಯ ಬಂದದ್ದು ಒಂದು ಭಾನುವಾರ, ಫೋನಿನ ರೂಪದಲ್ಲಿ.

ಫೋನು ಮಾಡಿದವನು ಹೆಂಡತಿಯ ತಮ್ಮ. ಅವನು ಸಮುದ್ರದ ದಂಡೆಯ ಒಂದು ಊರಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನಡಿ ಇಳಿಯುವ ಸ್ಕೂಬಾ ವಿದ್ಯೆ ಕಲಿಸುತ್ತಿದ್ದ. ಅಕ್ಕ ವರ್ಷಗಳಿಂದ "ನನಗೂ ಒಂದ್ಸಲ ತೋರಿಸೋ" ಎಂದು ಬೆನ್ನು ಹತ್ತಿದ್ದಳು. ಏಣಿ ಕೇಳಲು ಬಂದ ಪಕ್ಕದ ಮನೆಯ ಅಜ್ಜಿ, ಅಳತೆಪಟ್ಟಿ ಕೊರಳಿಗೆ ಸುತ್ತಿಕೊಂಡೇ ಓಡಾಡುವ ಎದುರುಮನೆ ಟೈಲರು, ಇಬ್ಬರೂ ಹಜಾರದಲ್ಲೇ ಇದ್ದರು. ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿದಳು.

"ಭಾವ, ಚಳಿಗಾಲದಲ್ಲೇ ಬನ್ನಿ. ಆಗ ನೀರು ತಿಳಿಯಾಗಿರುತ್ತೆ. ಇಪ್ಪತ್ತಾರು ಡಿಗ್ರಿ. ಮೈಗೆ ರಬ್ಬರಿನ ಸೂಟು ಹಾಕ್ಕೋಬೇಕು, ವೆಟ್‌ಸೂಟ್ ಅಂತಾರೆ. ಅಕ್ಕನಿಗೆ ಮೂರು ಮಿಲಿಮೀಟರ್ ದಪ್ಪದ್ದು ಸಾಕು. ನಿಮಗೂ ಮೂರು ಇಡ್ಲಾ, ಐದಾ?"

ಮೈನಸ್ಸಣ್ಣ ಅಜ್ಜಿಯ ಮುಖ ನೋಡಿದ, ಟೈಲರನ ಮುಖ ನೋಡಿದ.

"ಇಪ್ಪತ್ತಾರಾ? ಲೇ, ನಮ್ಮ ಸ್ಟೋರೇಜಿನಲ್ಲಿ ಇಪ್ಪತ್ತಾರು ಬಂದ್ರೆ ಅದು ಚಳಿಯಲ್ಲ, ಕಂಪ್ಲೇಂಟು. ಮೆಕ್ಯಾನಿಕ್ ಕರೆಸ್ತೀವಿ. ಅದಕ್ಕೆ ಸೂಟು ಬೇರೆ ಹಾಕ್ಕೋಬೇಕಾ ನಾನು?"

"ಭಾವ, ಗಾಳಿ ಬೇರೆ, ನೀರು ಬೇರೆ. ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಮೈಬಿಸಿ ಎಳ್ಕೊಳ್ಳುತ್ತೆ."

"ಎಳ್ಕೊಳ್ಳಲಿ ಬಿಡು. ನನ್ನ ಹತ್ರ ಬೇಕಾದಷ್ಟಿದೆ."

ಅಜ್ಜಿ ಮೆಚ್ಚುಗೆಯಿಂದ ತಲೆದೂಗಿದಳು. ಹೆಂಡತಿ ಬೀರುವಿನ ಕಡೆ ಒಮ್ಮೆ ನೋಡಿದಳು.

ಮಾತು ಅಲ್ಲಿಗೇ ನಿಂತಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು. ಆದರೆ ಮೈನಸ್ಸಣ್ಣ ಮರುದಿನ ರಜೆ ಕೇಳಲು ಧಣಿಯ ಬಳಿಗೆ ಹೋದ. ಬರೀ ರಜೆ ಕೇಳಿ ಬರುವ ಜಾಯಮಾನ ಅವನದಲ್ಲ. ಸಮುದ್ರ, ಸೂಟು, ಇಪ್ಪತ್ತಾರು ಡಿಗ್ರಿ, ತಾನು ಕೊಟ್ಟ ಉತ್ತರ, ಎಲ್ಲವನ್ನೂ ಬಡಿಸಿದ.

ಧಣಿಯ ಆಫೀಸಿನಲ್ಲಿ ಎಸಿಯನ್ನು ಇಪ್ಪತ್ತನಾಲ್ಕಕ್ಕೆ ಇಟ್ಟಿರುತ್ತಿದ್ದರು. ಇಪ್ಪತ್ತಮೂರಕ್ಕೆ ಇಳಿದರೆ ಧಣಿ ಶಾಲು ಹೊದೆಯುತ್ತಿದ್ದರು. ಇಪ್ಪತ್ತೆರಡಾದರೆ ಯಾರಿಗಾದರೂ ಬೈಗುಳ ಗ್ಯಾರಂಟಿ. ಗೋಡೆಯ ಆಚೆ ಮೈನಸ್ ಹದಿನೆಂಟರ ಕೋಣೆ. ಆ ಕೋಣೆಗೆ ಇಳಿಯುವ ಹಮಾಲರು ನಾಲ್ವರು, ಜಾಕೆಟ್ಟು ಒಂದು. ಒಬ್ಬ ಅದನ್ನು ತೊಟ್ಟು ಒಳಗೆ ಹೋಗಿ, ಪೆಟ್ಟಿಗೆ ಹೊತ್ತು, ಹುಬ್ಬಿಗೆ ಮಂಜು ಹಿಡಿಸಿಕೊಂಡು ಹೊರಗೆ ಬರುತ್ತಿದ್ದ. ಬಾಗಿಲಲ್ಲಿ ಕಾದವನು "ಸರದಿ" ಎನ್ನುತ್ತಿದ್ದ. ಆ ಮಾತಿಗೆ ಎದುರಿಲ್ಲ. ಯಾವ ಮನಸ್ತಾಪವಿರಲಿ, ಯಾವ ಜ್ವರವಿರಲಿ, ಬಿಚ್ಚಿ ಕೊಡಲೇಬೇಕು. ಒಬ್ಬನ ಮೈಬಿಸಿ ಆರುವ ಮೊದಲೇ ಇನ್ನೊಬ್ಬ ಅದರೊಳಗೆ ತೂರಿಕೊಳ್ಳುತ್ತಿದ್ದ. ಎಷ್ಟೋ ಗಂಡಹೆಂಡಿರ ನಡುವೆ ಇಲ್ಲದ ಬೆಚ್ಚಗಿನ ಸಂಬಂಧ ಆ ನಾಲ್ವರ ನಡುವೆ ಇತ್ತು.

ಈಗ ಮೈನಸ್ ಮೂವತ್ತರ ಹೊಸ ಕೋಣೆ ಎದ್ದು ನಿಂತಿತ್ತು. ಹಮಾಲರ ಮೇಸ್ತ್ರಿ ತಿಂಗಳುಗಟ್ಟಲೆ ಓಡಾಡಿ, ತಲೆಗೊಂದು ಜಾಕೆಟ್ಟು ಕೊಡಿಸಲು ಧಣಿಯನ್ನು ಹೆಚ್ಚುಕಡಿಮೆ ಒಪ್ಪಿಸಿದ್ದ.

ಧಣಿ ಮೈನಸ್ಸಣ್ಣನ ಮಾತು ಕೇಳಿ ಶಾಲು ಸರಿಪಡಿಸಿಕೊಂಡರು.

"ಅಂದ್ರೆ, ಎಲ್ಲರೂ ಸೂಟು ಹಾಕ್ಕೊಂಡು ಇಳಿಯೋ ಕಡೆ ನೀನು ಬರಿಮೈಲಿ ಇಳೀತೀಯ?"

"ಇಳೀತೀನಿ ಧಣಿ."

"ಹಾಗಾದ್ರೆ ಚಳಿ ಅನ್ನೋದು ಅಭ್ಯಾಸದ ಮಾತು, ಅಲ್ವಾ?"

ಬಲೆ ಎಲ್ಲಿದೆ ಎಂದು ಮೀನು ಕೇಳುವುದಿಲ್ಲ. "ಪೂರ್ತಿ ಅಭ್ಯಾಸವೇ ಧಣಿ," ಎಂದ ಮೈನಸ್ಸಣ್ಣ.

"ಸರಿ. ಬಂದರಿನಿಂದ ಮೀನು ತರೋಕೆ ನಮ್ಮ ಲಾರಿ ಹೇಗೂ ಹೋಗುತ್ತೆ. ಎಲ್ಲರೂ ಅದರಲ್ಲೇ ಹೋಗೋಣ, ನಾನೂ ಬರ್ತೀನಿ. ನೀನು ನಡುಗದೆ ನೀರಿಂದ ಎದ್ದು ಬಾ. ಹೊಸ ಕೋಣೆಗೆ ನೀನೇ ಸೂಪರ್‌ವೈಸರ್. ಜಾಕೆಟ್ಟಿನ ವಿಷಯ ಅಲ್ಲಿಗೆ ಮುಗೀತು. ಸೂಪರ್‌ವೈಸರಿಗೇ ಬೇಡದ್ದು ಹಮಾಲರಿಗೆ ಯಾಕೆ?"

ಸುದ್ದಿ ಗೋದಾಮಿನ ಹಿಂಬಾಗಿಲು ತಲುಪಲು ಎಷ್ಟು ಹೊತ್ತು? ಮಧ್ಯಾಹ್ನ ನಲ್ಲಿಯ ಹತ್ತಿರ ಕೈತೊಳೆಯುತ್ತಿದ್ದ ಮೈನಸ್ಸಣ್ಣನ ಎದುರು ಮೇಸ್ತ್ರಿ ಬಂದು ನಿಂತ. ಅವನ ಬೆರಳ ತುದಿಗಳು ಚಳಿಗೆ ಸುಟ್ಟು ಕಪ್ಪಾಗಿದ್ದವು.

"ನಿನ್ನ ನಾಲಿಗೆ ನಮ್ಮ ಜಾಕೆಟ್ಟು ತಿಂತು ಕಣೋ ಮೈನಸ್ಸು."

"ನಾನು ಜಾಕೆಟ್ಟಿನ ಮಾತೇ ಎತ್ತಲಿಲ್ಲ ಮಾರಾಯ. ಸಮುದ್ರದ ಮಾತು ಎತ್ತಿದ್ದು."

"ಎತ್ತಿದ್ದು ಯಾವುದಾದ್ರೇನು, ಬಿದ್ದಿದ್ದು ನಮ್ಮ ತಲೆ ಮೇಲೆ. ಲೋಡು ಮಾಡೋಕೆ ನಾನೂ ಆ ಲಾರೀಲಿ ಬರ್ತಿದೀನಿ. ನೀನು ನಡುಗ್ತೀಯೋ ಇಲ್ವೋ ನನಗೂ ನೋಡಬೇಕು."

ಸಂಜೆಯ ಹೊತ್ತಿಗೆ ಬೀದಿಗೂ ಕುತೂಹಲ ಹತ್ತಿತು. ಇಪ್ಪತ್ತಾರು ಡಿಗ್ರಿ ಎಂದರೆ ನಿಜಕ್ಕೂ ಎಷ್ಟು? ಬಿಸಿಯೋ, ತಣ್ಣಗೋ, ನಡುವಿನದೋ? ಅಷ್ಟು ದಿನ ಯಾರೂ ಯೋಚಿಸಿರಲಿಲ್ಲ. ಈಗ ಅದು ತಿಳಿಯದೆ ಯಾರಿಗೂ ಊಟ ಇಳಿಯದಾಯಿತು. "ನೋಡಿಯೇ ಬಿಡೋಣ," ಎಂದ ಟೈಲರು. ಅಂಗಳಕ್ಕೆ ನೀಲಿ ಡ್ರಮ್ಮು ಬಂತು. ಸ್ಟೋರೇಜಿನ ಉದ್ದನೆಯ ಥರ್ಮಾಮೀಟರು ಬಂತು. ಹೆಂಡತಿ ಬಿಸಿನೀರು ಬೆರೆಸಿ ಬೆರೆಸಿ ಮುಳ್ಳನ್ನು ಸರಿಯಾಗಿ ಇಪ್ಪತ್ತಾರಕ್ಕೆ ತಂದು ನಿಲ್ಲಿಸಿದಳು. ಅಜ್ಜಿ ಬೆರಳು ಅದ್ದಿ, "ಹಿತವಾಗಿದೆ, ನನಗೂ ಒಂದು ಡ್ರಮ್ಮು ಕೊಡ್ರೋ," ಎಂದಳು.

ಮೈನಸ್ಸಣ್ಣ ಚಡ್ಡಿಯಲ್ಲಿ ಡ್ರಮ್ಮಿಗಿಳಿದು ಕುತ್ತಿಗೆಯವರೆಗೆ ಕೂತ. ಅಜ್ಜಿ ಹೇಳಿದ್ದು ನಿಜವಾಗಿತ್ತು. ಮೊದಮೊದಲು ಹಿತವಾಗಿಯೇ ಇತ್ತು. ಅವನು ನಾಲ್ಕು ಜೋಕು ಹೇಳಿದ. ಬೀದಿ ನಕ್ಕಿತು. ಆಮೇಲೆ ಯಾರೋ ಬೆನ್ನ ಹಿಂದೆ ನಿಂತು, ಅವಸರವಿಲ್ಲದೆ, ಅವನ ಮೈಯಿಂದ ಬಿಸಿಯನ್ನು ನೂಲಿನ ಹಾಗೆ ಎಳೆದುಕೊಳ್ಳತೊಡಗಿದರು. ಮೊದಲು ಕಾಲ್ಬೆರಳು. ಆಮೇಲೆ ಮಂಡಿ. ಆಮೇಲೆ ಹೊಟ್ಟೆ. ಕಡೆಗೆ ದವಡೆ ತಾನಾಗಿಯೇ ಕುಟ್ಟತೊಡಗಿತು.

ಮೈನಸ್ಸಣ್ಣ ತಕ್ಷಣ ಹಾಡು ಗುನುಗಲು ಶುರುಮಾಡಿದ.

"ನೋಡಿ, ಹಾಡ್ತಿದ್ದಾನೆ," ಎಂದಳು ಅಜ್ಜಿ.

"ತಾಳ ಬೇರೆ ಹಾಕ್ತಿದ್ದಾನೆ, ಹಲ್ಲಲ್ಲೇ," ಎಂದ ಟೈಲರು. "ಎಂಥಾ ಗಟ್ಟಿ ಜೀವ."

"ದನಿಯಲ್ಲಿ ಎಷ್ಟು ಚೆನ್ನಾಗಿ ಬಳುಕು ಬರ್ತಿದೆ."

ಬೀದಿ ಚಪ್ಪಾಳೆ ತಟ್ಟಿ ಮನೆಗೆ ಹೋಯಿತು. ಬಾಗಿಲು ಹಾಕಿದ ಮೇಲೆ ಹೆಂಡತಿ ಎರಡೂ ಉಣ್ಣೆ ಬನಿಯನ್ನು ತೊಡಿಸಿ, ಮೇಲೆ ರಜಾಯಿ ಹೊದಿಸಿ, ಅದರ ಮೇಲೆ ತಾನೇ ಕೂತಳು.

"ರೀ, ತಮ್ಮನಿಗೆ ಐದರ ಸೂಟೇ ಇಡು ಅಂತ ಹೇಳಿಬಿಡಲಾ?"

"ಬೇ-ಬೇ-ಬೇಡ," ಎಂದ ಮೈನಸ್ಸಣ್ಣ ರಜಾಯಿಯೊಳಗಿಂದ. "ನಾ-ನಾನೇ ಮಾತಾಡ್ತೀನಿ."

ಮಾತಾಡಿದ್ದು ಟೈಲರನ ಅಂಗಡಿಯಿಂದ. ಮನೆಯಲ್ಲಿ ಮಾತಾಡಿದರೆ ಅಜ್ಜಿಗೆ ಕೇಳಿಸುತ್ತದೆ. ಟೈಲರನಿಂದ ಹೊಲಿಗೆಯಂತ್ರದ ಮೇಲೆ ಆಣೆ ಹಾಕಿಸಿಕೊಂಡೇ ಅವನು ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ನಿನ್ನ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ದಪ್ಪ ಸೂಟು ಯಾವುದೋ?"

"ಏಳು ಮಿಲಿಮೀಟರಿಂದು ಒಂದಿದೆ ಭಾವ. ಯಾರೋ ಚಳಿ ದೇಶದವರು ಬಿಟ್ಟುಹೋಗಿದ್ದು. ಇಲ್ಲಿ ಅದನ್ನ ಯಾರೂ ಹಾಕ್ಕೊಳ್ಳಲ್ಲ."

"ಅದರೊಳಗೆ ಒಂದು ಹನಿ ನೀರು ಬರಬಾರದು."

"ಬರುತ್ತೆ ಭಾವ, ಬರಲೇಬೇಕು. ಸೂಟು ಮೈಗೆ ಅಂಟಿಕೊಂಡಿರುತ್ತೆ. ಮಧ್ಯೆ ತೆಳ್ಳಗೆ ನೀರು ಸೇರುತ್ತೆ. ನಿಮ್ಮ ಮೈಬಿಸಿಗೆ ಆ ನೀರೇ ಬೆಚ್ಚಗಾಗುತ್ತೆ. ಆ ಬಿಸಿ ಹೊರಗೆ ಹೋಗದ ಹಾಗೆ ರಬ್ಬರು ತಡೆಯುತ್ತೆ."

ಟೈಲರನಿಗೆ ತಡೆಯಲಾಗಲಿಲ್ಲ. ಅವನು ಕತ್ತರಿಯನ್ನು ಮೇಜಿನ ಮೇಲೆ ಇಟ್ಟ.

"ಸ್ವಾಮಿ, ಒದ್ದೆಯಾಗೋಕೆ ಅಂತಲೇ ಬಟ್ಟೆ ಹೊಲೀತಾರಾ? ಸೋರೋ ಕೊಡೆ ಮಾರಿದ ಹಾಗಾಯ್ತಲ್ಲ. ಹೊಲಿಗೆ ಕುಲದ ಮರ್ಯಾದೆ ಏನಾಗಬೇಕು?"

"ನೀರು ಬರೋದೇನೋ ಸರಿ, ಬಂದದ್ದು ಹೋಗಬಾರದು ಅಣ್ಣ. ಸಡಿಲ ಸೂಟಿಗೆ ಬಂದ ನೀರು ಬಂದ ಹಾಗೇ ಹೋಗುತ್ತೆ, ಬಿಸಿನೂ ಕರ್ಕೊಂಡು ಹೋಗುತ್ತೆ."

ಟೈಲರು ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡು, "ಹಾಗಾದ್ರೆ ಅಳತೆ ನಾನು ತೊಗೋಬೇಕಿತ್ತು," ಎಂದಷ್ಟೇ ಹೇಳಿದ.

ಮೈನಸ್ಸಣ್ಣ ಮಾತ್ರ ಬೇರೆಯೇ ಲೆಕ್ಕದಲ್ಲಿದ್ದ. ಐದು ಒಳ್ಳೆಯದು, ಏಳು ಇನ್ನೂ ಒಳ್ಳೆಯದು ಎಂದಾದರೆ, ಎರಡೂ ಸೇರಿ ಹನ್ನೆರಡು. ಒಂದು ಬನಿಯನ್ನಿನ ಮೇಲೆ ಇನ್ನೊಂದು ಬನಿಯನ್ನು ತೊಟ್ಟು ಇಷ್ಟು ವರ್ಷ ಮಾನ ಕಾಪಾಡಿಕೊಂಡವನಿಗೆ ಈ ಗಣಿತದಲ್ಲಿ ತಪ್ಪೇ ಕಾಣಲಿಲ್ಲ.

"ಐದರದೂ ಇಡು, ಏಳರದೂ ಇಡು. ಯಾರಿಗೂ ಹೇಳಬೇಡ. ನಿನ್ನಕ್ಕನ ಆಣೆ."

ಹೊರಡುವ ದಿನ ಅವನು ಇನ್ನೊಂದು ಮುಂಜಾಗ್ರತೆಯನ್ನೂ ಮಾಡಿದ. ಕೋಣೆಯ ಬಾಗಿಲಿನ ಮೊಳೆಗೆ ನೇತಾಡುತ್ತಿದ್ದ ಆ ಒಂದೇ ಜಾಕೆಟ್ಟನ್ನು ಚೀಲದ ತಳಕ್ಕೆ ತುರುಕಿಕೊಂಡ. ಕೋಣೆ ಅವತ್ತು ತೊಳೆಯಲು ಖಾಲಿಯಿತ್ತು, ಯಾರಿಗೂ ಬೇಕಿರಲಿಲ್ಲ. ಧಣಿ ಮತ್ತು ಹೆಂಡತಿ ಲಾರಿಯ ಮುಂದೆ ಕೂತರು. ಮೈನಸ್ಸಣ್ಣ ಮತ್ತು ಮೇಸ್ತ್ರಿ ಹಿಂದಿನ ಡಬ್ಬಿಯಲ್ಲಿ, ಮೀನಿನ ಖಾಲಿ ಪೆಟ್ಟಿಗೆಗಳ ಮೇಲೆ, ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು.

ದೋಣಿ ದಂಡೆ ಬಿಟ್ಟಾಗ ಬಿಸಿಲು ನೆತ್ತಿಗೇರಿತ್ತು. ಭಾವಮೈದುನ ಎಲ್ಲರಿಗೂ ಸೂಟು ತೋರಿಸಿದ. ಹೆಂಡತಿ ಮೂರರದನ್ನು ತೊಟ್ಟು, ತನ್ನ ತೋಳನ್ನು ತಾನೇ ಚಿವುಟಿ ನೋಡಿಕೊಂಡು ಖುಷಿಪಟ್ಟಳು. ಧಣಿ ಸೂಟನ್ನು ಎರಡು ಬೆರಳಲ್ಲಿ ಎತ್ತಿ ಕೆಳಗಿಟ್ಟರು.

"ನನಗೆ ಬೇಡ. ನಮ್ಮ ಮನೆ ಬಚ್ಚಲಿನ ನೀರೂ ಇಷ್ಟೇ ಇರುತ್ತೆ."

"ಬಚ್ಚಲಲ್ಲಿ ನೀವು ಅಷ್ಟೊತ್ತು ಇರಲ್ಲ ಸಾರ್," ಎಂದ ಭಾವಮೈದುನ. ಧಣಿಗಳಿಗೆ ತಿಳಿಹೇಳುವುದು ಎಂದರೆ ಕಲ್ಲಿಗೆ ನೀರು ಹಾಕಿ ಮೊಳಕೆಗೆ ಕಾದಂತೆ. ಅವನು ಕಾಯಲಿಲ್ಲ.

ಅಷ್ಟರಲ್ಲಿ ಮೈನಸ್ಸಣ್ಣ ದೋಣಿಯ ಪುಟ್ಟ ಕೋಣೆಯಿಂದ ಹೊರಬಂದ. ಒಳಗೆ ಐದು, ಅದರ ಮೇಲೆ ಏಳು, ಅದರ ಮೇಲೆ ಟೈಲರನಿಂದ ಎರವಲು ತಂದ ಅಗಲವಾದ ಅಂಗಿ, ಪ್ಯಾಂಟು. ತೋಳು ಪಕ್ಕಕ್ಕೆ ಇಳಿಯುತ್ತಿರಲಿಲ್ಲ. ಮಂಡಿ ಮಡಚುತ್ತಿರಲಿಲ್ಲ. ಅವನು ಬೀರುವನ್ನು ಸಾಗಿಸುವ ಹಾಗೆ ತನ್ನನ್ನು ತಾನೇ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿಸಿಕೊಂಡು ಬಂದು ನಿಂತ.

"ಏನಯ್ಯಾ, ಊದಿದ ಹಾಗೆ ಕಾಣ್ತೀಯ?"

"ಸಮುದ್ರದ ಗಾಳಿ ಧಣಿ."

ಮುಖದಿಂದ ಬೆವರು ಕೊಳಾಯಿ ಬಿಟ್ಟಂತೆ ಇಳಿಯುತ್ತಿತ್ತು. ಅದನ್ನು ಕಂಡು ಧಣಿಗೆ ಪರಮಾನಂದವಾಯಿತು.

"ನೋಡಿದೆಯಾ ಮೇಸ್ತ್ರಿ? ನಮಗೆಲ್ಲ ಗಾಳಿ ತಂಪಾಗಿದೆ. ಇವನಿಗೆ ಇಲ್ಲೂ ಸೆಖೆ. ಇಂಥವನಿಗೆ ಜಾಕೆಟ್ಟು ಕೊಟ್ಟರೆ ಸತ್ತೇ ಹೋಗ್ತಾನೆ."

ಮೇಸ್ತ್ರಿಯ ಕಣ್ಣು ಮೈನಸ್ಸಣ್ಣನ ಅಂಗಿಯ ಗುಂಡಿಗಳ ಮೇಲಿತ್ತು. ಅವು ದಾರದ ತುದಿಯಲ್ಲಿ ಪ್ರಾಣ ಹಿಡಿದುಕೊಂಡಿದ್ದವು.

ಮೊದಲು ಇಳಿದವಳು ಹೆಂಡತಿ. ತಮ್ಮನ ಕೈ ಹಿಡಿದು ಹೋದವಳು ಬಹಳ ಹೊತ್ತಿನ ಮೇಲೆ ಎದ್ದು ಬಂದಳು. ಮುಖದಲ್ಲಿ ಯಾರೂ ಕಂಡಿರದ ಬೆಳಕಿತ್ತು. "ಏನಿತ್ತೇ?" ಎಂದು ಮೈನಸ್ಸಣ್ಣ ಕೇಳಿದ. "ಹೇಳೋಕಾಗಲ್ಲ ರೀ. ಹೋಗಿ ನೋಡಿ," ಎಂದಳು.

ಮೈನಸ್ಸಣ್ಣನ ಸರದಿ. ಬೆನ್ನಿಗೆ ಸಿಲಿಂಡರು ಕಟ್ಟಿಸಿಕೊಂಡು, ಕಣ್ಣುಮುಚ್ಚಿ, ದೋಣಿಯಿಂದ ಬಿದ್ದ. ಬಿದ್ದವನು ಮುಳುಗಲಿಲ್ಲ. ನೀರು ಅವನನ್ನು ಒಮ್ಮೆ ಮುಟ್ಟಿ ನೋಡಿ, ಬೇಡವೆಂದು ವಾಪಸು ಕೊಟ್ಟಿತು. ಅವನು ಲಾರಿಯ ಟ್ಯೂಬಿನಂತೆ, ಕೈಕಾಲು ಚಾಚಿಕೊಂಡು, ಆಕಾಶ ನೋಡುತ್ತ ತೇಲಿದ.

"ರಬ್ಬರು ದಪ್ಪ ಆದಷ್ಟೂ ತೇಲುತ್ತೆ ಭಾವ," ಎಂದು ಭಾವಮೈದುನ ಕಿವಿಯಲ್ಲಿ ಪಿಸುಗುಟ್ಟಿದ. "ಎರಡೂ ಯಾಕೆ ಹಾಕ್ಕೊಂಡ್ರಿ?" ಸೊಂಟಕ್ಕೆ ಸೀಸದ ತುಂಡು ಕಟ್ಟಿದ. ಮೈನಸ್ಸಣ್ಣ ತೇಲಿದ. ಇನ್ನೊಂದು ಕಟ್ಟಿದ. ತೇಲಿದ. ದೋಣಿಯಲ್ಲಿದ್ದ ಸೀಸವೆಲ್ಲ ಮುಗಿದ ಮೇಲೆ ಲಂಗರಿನ ಕಡೆ ಕಣ್ಣು ಹಾಯಿಸಿದ.

"ಲಂಗರು ಬೇಡ್ವೋ," ಎಂದಳು ಅಕ್ಕ ದೋಣಿಯಿಂದ. "ನನಗಿರೋದು ಒಬ್ಬನೇ ಗಂಡ."

ಧಣಿಗೆ ಕಾಯುವ ವ್ಯವಧಾನವಿರಲಿಲ್ಲ. "ಅವನನ್ನ ಮೇಲೆ ಎಳ್ಕೊಳ್ಳಿ, ಗಾಳಿ ಇಳಿಯಲಿ. ನಾನು ಹೋಗಿ ಬರ್ತೀನಿ. ಸಿಲಿಂಡರ್ ಖಾಲಿಯಾಗೋವರೆಗೂ ತೋರಿಸಬೇಕು, ತಿಳೀತಾ?"

ಧಣಿ ಬರಿಮೈಯಲ್ಲಿ ಭಾವಮೈದುನನ ಜೊತೆ ಇಳಿದರು. ದೋಣಿಯ ಮೇಲೆ ಎಳೆದು ಹಾಕಿದ ಮೈನಸ್ಸಣ್ಣ ಉರಿಬಿಸಿಲಲ್ಲಿ, ಹನ್ನೆರಡು ಮಿಲಿಮೀಟರ್ ರಬ್ಬರಿನೊಳಗೆ, ಮೊದಲು ಕೆಂಪಾದ, ಆಮೇಲೆ ಬಿಳಿಚಿದ, ಆಮೇಲೆ ಮೆಲ್ಲಗೆ ಪಕ್ಕಕ್ಕೆ ವಾಲಿದ.

"ಸೆಖೆ," ಎಂದ. "ಸೆಖೆಗೆ ಸಾಯ್ತಿದೀನಿ ಕಣೇ."

ಮೇಸ್ತ್ರಿ ಹಾರಿ ಬಂದು ಅಂಗಿ ಕಿತ್ತ. ಗುಂಡಿಗಳು ಸಮುದ್ರ ಸೇರಿದವು. ಕೆಳಗೆ ಕಪ್ಪು ರಬ್ಬರು. ಹೆಂಡತಿ ಜಿಪ್ಪು ಎಳೆದಳು. ಅದರ ಕೆಳಗೆ ಇನ್ನೊಂದು ಕಪ್ಪು ರಬ್ಬರು. ಅದರ ಜಿಪ್ಪನ್ನೂ ಎಳೆದಾಗ ಒಂದು ಉಣ್ಣೆ ಬನಿಯನ್ನು ನೀರು ಕುಡಿದು ಮುದುಡಿಕೊಂಡು ಕೂತಿತ್ತು.

ಮೇಸ್ತ್ರಿ ಅದನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಬಂತು, ಹೋಯಿತು, ಮತ್ತೆ ಬಂತು.

"ನಿನಗೂ ಚಳಿ ಆಗುತ್ತಾ?"

"ಆಗುತ್ತೆ."

"ಮೊದಲಿಂದ?"

"ಹುಟ್ಟಿದಾಗಿಂದ," ಎಂದಳು ಹೆಂಡತಿ. "ಬೇಸಿಗೆಲೂ ಕಾಲುಚೀಲ ಹಾಕ್ಕೊಂಡು ಮಲಗ್ತಾರೆ."

"ಮತ್ತೆ ಆ ಬಾಯಿ ಯಾಕೋ ಬಡ್ಕೊಂಡೆ? ನಮ್ಮ ಹುಡುಗರು ಮೈನಸ್ ಮೂವತ್ತಕ್ಕೆ ಬನಿಯನ್ನಲ್ಲಿ ಇಳಿಯಬೇಕು, ನಿನಗೆ ಹೆಸರಿಗೊಂದು ಗರಿ ಬೇಕು, ಅಷ್ಟೇ ಅಲ್ವಾ? ಈಗ ಧಣಿ ಬಂದು ಕೇಳ್ತಾನೆ. ಏನು ಹೇಳ್ತೀಯೋ ಹೇಳು. ನಾನು ಇಲ್ಲೇ ಇದೀನಿ."

ಧಣಿ ಬಂದರು. ಸಿಲಿಂಡರಿನ ಕೊನೆಯ ಉಸಿರನ್ನೂ ವಸೂಲು ಮಾಡಿಕೊಂಡೇ ಬಂದಿದ್ದರು. ಅವರ ತುಟಿ ನೇರಳೆಯಾಗಿತ್ತು. ಮೀಸೆ ತಾನೇ ಕುಣಿಯುತ್ತಿತ್ತು. ಏಣಿಯ ಮೆಟ್ಟಿಲ ಮೇಲೆ ಮಂಡಿಗಳು ಒಂದಕ್ಕೊಂದು ಬಡಿದು ಬಾಗಿಲು ತಟ್ಟಿದ ಸದ್ದಾಯಿತು.

"ಮ-ಮ-ಮೈನಸ್ಸು. ನಿ-ನಿನಗೆ ನಿಜವಾಗ್ಲೂ ಚ-ಚಳಿ ಆಗಲ್ವಾ?"

ಎರಡೂ ಸೂಟು ಆಗಲೇ ಹಗ್ಗದ ಸುರುಳಿಯ ಹಿಂದೆ ಸೇರಿದ್ದವು. ಬಿಸಿಲಿಗೆ ಕಾದ ಮೈನಸ್ಸಣ್ಣ ಬರಿಮೈಯಲ್ಲಿ ಬೆವರುತ್ತ ಕೂತಿದ್ದ. ಇಲ್ಲ ಎಂಬ ಎರಡಕ್ಷರ ಸಾಕಿತ್ತು. ಹೊಸ ಕೋಣೆ ಅವನದಾಗುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಮೇಸ್ತ್ರಿ ತನ್ನ ಕಪ್ಪು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

"ಆಗುತ್ತೆ ಧಣಿ," ಎಂದ ಮೈನಸ್ಸಣ್ಣ. "ಬಹಳ ಆಗುತ್ತೆ. ನಾನು ಆ ಕೋಣೆ ಒಳಗೆ ಹೋದವನೇ ಅಲ್ಲ. ಇಷ್ಟು ದಿನ ಬರೀ ಬಾಯಲ್ಲಿ ಕೊಚ್ಚಿದ್ದು."

ಹೇಳಿ, ಚೀಲದ ತಳದಿಂದ ಜಾಕೆಟ್ಟು ಎಳೆದು ಧಣಿಗೆ ತೊಡಿಸಿದ. ಧಣಿ ಅದರೊಳಗೆ ಮೂಗಿನವರೆಗೆ ಇಳಿದುಹೋದರು. ಮೀನಿನ ವಾಸನೆ, ನಾಲ್ಕು ಜನರ ಬೆವರಿನ ವಾಸನೆ, ಯಾವುದೂ ಅವರಿಗೆ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೀಸೆ ಕುಣಿಯುವುದು ನಿಂತಿತು.

ಆಗ ಮೇಸ್ತ್ರಿ ಎದ್ದು ಬಂದು ಕೈಚಾಚಿದ.

"ಸರದಿ, ಧಣಿ."

"ಏನು?"

"ಜಾಕೆಟ್ಟು ಒಂದೇ ಇರೋದು. ನಾಲ್ಕು ಜನ ಹಂಚ್ಕೋತೀವಿ. ನಿಮ್ಮ ಹೊತ್ತು ಮುಗೀತು, ಬಿಚ್ಚಿ."

ಧಣಿ ಕಾಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇನ್ನೂ ಬೆಚ್ಚಗಾಗಿಲ್ಲ ಕಣಯ್ಯ."

"ನಮಗೂ ಆಗಲ್ಲ ಧಣಿ. ಆದ್ರೂ ಬಿಚ್ತೀವಿ. ನೀವು ಇಳಿದಿದ್ದು ಇಪ್ಪತ್ತಾರಕ್ಕೆ. ನಮ್ಮದು ಮೈನಸ್ ಮೂವತ್ತು."

ಮೇಸ್ತ್ರಿಯ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು.

"ತಲೆಗೊಂದು ಕೊಡಿಸ್ತೀನಿ," ಎಂದರು ಧಣಿ ಕಡೆಗೆ. "ಈಗ ಮಾತ್ರ ಬಿಚ್ಚಿಸಬೇಡ."

"ಏನಂದ್ರಿ ಧಣಿ? ಗಾಳಿಗೆ ಕೇಳಿಸಲಿಲ್ಲ," ಎಂದಳು ಹೆಂಡತಿ. ಅವಳಿಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು. ಧಣಿ ಇನ್ನೊಮ್ಮೆ, ದೋಣಿ ನಡೆಸುವವನಿಗೂ ಕೇಳುವಷ್ಟು ಜೋರಾಗಿ ಹೇಳಬೇಕಾಯಿತು. ಹೇಳಿದ ಸಿಟ್ಟಿಗೆ ಮೈನಸ್ಸಣ್ಣನ ಕಡೆ ತಿರುಗಿ, "ನಿನಗೆ ಹೊಸ ಕೋಣೆ ಇಲ್ಲ, ಸ್ಟೂಲೇ ಗತಿ," ಎಂದರು.

"ಸ್ಟೂಲು ಒಳ್ಳೇದು ಧಣಿ," ಎಂದ ಮೈನಸ್ಸಣ್ಣ. ಅವನ ಗಮನ ಆಗಲೇ ನೀರಿನ ಮೇಲಿತ್ತು. ಹೆಂಡತಿ ಏನು ನೋಡಿ ಬಂದಳೋ ಅದು ಅವನನ್ನು ಕೊರೆಯುತ್ತಿತ್ತು.

"ಐದರದೊಂದೇ ಹಾಕ್ಕೊಳ್ಳಿ ಭಾವ," ಎಂದ ಭಾವಮೈದುನ, ತನ್ನ ಬೆನ್ನಿಗೆ ಹೊಸ ಸಿಲಿಂಡರು ಏರಿಸುತ್ತ. "ಬನಿಯನ್ನು ಇಲ್ಲೇ ಬಿಡಿ."

ಈ ಸಲ ನೀರು ಅವನನ್ನು ಒಳಗೆ ಬಿಟ್ಟುಕೊಂಡಿತು. ಕುತ್ತಿಗೆಯ ಹತ್ತಿರ ಒಂದು ತಣ್ಣನೆ ಗೆರೆ ಒಳನುಗ್ಗಿ, ಬೆನ್ನುದ್ದ ಇಳಿದು, ಅಲ್ಲೇ ನಿಂತು, ಮೆಲ್ಲಗೆ ಬೆಚ್ಚಗಾಯಿತು. ಟೈಲರನಿಗೆ ಇದನ್ನು ಹೇಗೆ ವಿವರಿಸುವುದು ಎಂದುಕೊಳ್ಳುತ್ತಿರುವಾಗಲೇ ಬಂಡೆಯ ಸಂದಿಯಿಂದ ಒಂದು ಕೆಂಪು ಮೀನು ಹೊರಟಿತು.

ಮೈನಸ್ಸಣ್ಣನಿಗೆ ಆ ಮೀನು ಗೊತ್ತಿತ್ತು. ಗೊತ್ತಿಲ್ಲದೆ ಏನು, ಅದರ ಸಾವಿರಾರು ಪೆಟ್ಟಿಗೆಗಳ ಮೇಲೆ ಗೀಟು ಎಳೆದಿದ್ದ. ಹಲಗೆಯ ಹಾಗೆ ಸೆಟೆದ, ಒಂದಕ್ಕೊಂದು ಬಡಿದರೆ ಕಟ್ಟಿಗೆಯ ಸದ್ದು ಮಾಡುವ, ಕಣ್ಣಿಗೆ ಬಿಳಿ ಮಂಜು ಹಿಡಿದ ಸರಕು. ಈ ಮೀನು ಅವನ ಮುಖದ ಮುಂದೆ ಬಂದು, ನಿಂತು, ಇದ್ಯಾವ ಜಾತಿಯದಪ್ಪ ಎಂದು ಅವನನ್ನು ಆ ಕಡೆಯಿಂದಲೂ ಈ ಕಡೆಯಿಂದಲೂ ನೋಡಿತು. ಆಮೇಲೆ ಇಡೀ ಮೈಯನ್ನು ರಿಬ್ಬನ್ನಿನ ಹಾಗೆ ಬಳುಕಿಸಿ ತಿರುಗಿಕೊಂಡು ಹೋಯಿತು.

ಮೇಲೆ ಬಂದ ಮೈನಸ್ಸಣ್ಣ ಬಾಯಿಯ ಕೊಳವೆ ಕಿತ್ತು ಮೊದಲು ಹೇಳಿದ್ದು ಅದನ್ನೇ.

"ಅವು ಬಾಗ್ತವೆ ಕಣೇ."

"ಯಾವುವು ರೀ?"

"ಮೀನು. ಮೀನು ಬಾಗ್ತವೆ."

ಹೆಂಡತಿ ನಕ್ಕಳು. "ಇಷ್ಟು ವರ್ಷ ಏನು, ಸೌದೆ ಅಂದ್ಕೊಂಡಿದ್ರಾ?"

ಅವನು ಉತ್ತರಿಸಲು ಹೋದ. ಆದರೆ ಸೂಟು ಬಿಚ್ಚಿದ ಮೈಗೆ ಗಾಳಿ ತಾಗಿ ದವಡೆ ಕುಟ್ಟತೊಡಗಿತು. ಈ ಸಲ ಅವನು ಹಾಡು ಹೇಳಲಿಲ್ಲ.

"ಚಳಿ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಅಪ್ಪಾ, ಏನು ಚಳಿ."

ಮೇಸ್ತ್ರಿ ಎದ್ದ. ಮೂಲೆಯಲ್ಲಿ ಬೆಚ್ಚಗೆ ತೂಕಡಿಸುತ್ತಿದ್ದ ಧಣಿಯ ಹತ್ತಿರ ಹೋಗಿ, "ಸರದಿ," ಎಂದ. ಧಣಿ ಅರೆಗಣ್ಣು ತೆರೆದು ನೋಡಿದರು. ಏನನ್ನಿಸಿತೋ, ಗೊಣಗುತ್ತ ತೋಳು ಬಿಡಿಸಿಕೊಂಡರು.

ಮೇಸ್ತ್ರಿ ಜಾಕೆಟ್ಟನ್ನು ತಂದು ಮೈನಸ್ಸಣ್ಣನ ಹೆಗಲಿಗೆ ಹಾಕಿ, ಎದೆಯವರೆಗೆ ಜಿಪ್ಪು ಎಳೆದ. ಒಳಗೆ ಧಣಿಯ ಮೈಬಿಸಿ ಇನ್ನೂ ಇತ್ತು. ಆ ಸ್ಟೋರೇಜು ಶುರುವಾದಾಗಿನಿಂದ ಅಲ್ಲಿನ ಕೆಲಸಗಾರನೊಬ್ಬನಿಗೆ ಧಣಿಯಿಂದ ದಕ್ಕಿದ ಮೊದಲ ಬೋನಸ್ಸು ಅದು.